ಕಲಿಸಿದ್ದು ನಾನು, ಇಟ್ಟುಕೊಂಡಿದ್ದು ಪಕ್ಕದ ಶೆಡ್ಡಿನವರು

ಹೋದ ಶುಕ್ರವಾರ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದು ಒಳಗೆ ಹೋದಾಗ ಟ್ರೇನಲ್ಲಿ ಹನ್ನೊಂದು ಶಾಫ್ಟು ಸಾಲಾಗಿ ಕೂತಿದ್ದವು. ಎಣ್ಣೆ ಒರೆಸಿ, ಒಂದರ ಪಕ್ಕ ಒಂದು, ತಾಂಬೂಲಕ್ಕೆ ಬಾಳೆಹಣ್ಣು ಜೋಡಿಸಿಟ್ಟ ಹಾಗೆ. ನೋಡಿ ಖುಷಿಯೇ ಆಯಿತು. ಒಂದನ್ನು ಎತ್ತಿ ಮೈಕ್ರೋಮೀಟರ್ ಹಿಡಿದೆ. 24.55. ಡ್ರಾಯಿಂಗಿನಲ್ಲಿ ಇರುವುದು 25 ಮಿಲಿಮೀಟರ್. ಇನ್ನೊಂದು ಎತ್ತಿದೆ. 24.55. ಹನ್ನೊಂದೂ ಅಷ್ಟೇ. ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮಷೀನು ತನ್ನ ಕೆಲಸ ನಿಯತ್ತಾಗಿ ಮಾಡಿತ್ತು.

ಎಡವಟ್ಟು ಆಗಿದ್ದು ಹೀಗೆ. ಹಿಂದಿನ ರಾತ್ರಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನು) ಮೇಲೆ ಇದ್ದ ಹುಡುಗ ನಮ್ಮಲ್ಲಿಗೆ ಬಂದು ಐದು ತಿಂಗಳಾಗಿದೆ. ಮೊದಲ ಪೀಸು 25.05 ಬಂತು. ಅಂದರೆ ಆಫ್‌ಸೆಟ್‌ನಲ್ಲಿ (ಮಷೀನಿಗೆ ಅಳತೆ ತಿದ್ದಿ ಹೇಳುವ ಜಾಗ) ಮೈನಸ್ 0.05 ಸೇರಿಸಬೇಕು. ಅವನು ಮೈನಸ್ 0.5 ಒತ್ತಿದ. ಒಂದು ಸೊನ್ನೆ ತಪ್ಪಿತು. ಸರಿ, ಆಮೇಲಾದರೂ ಅಳೆಯಬೇಕಿತ್ತಲ್ವಾ? ಕೇಳಿದರೆ, 'ಫಸ್ಟ್ ಪೀಸ್ ಅಳೆದಿದ್ದೆ ಸಾರ್' ಅಂದ. ಹೌದು, ಅಳೆದಿದ್ದ. ಆಫ್‌ಸೆಟ್ ಬದಲಿಸುವ ಮುಂಚೆ.

ಶಾಫ್ಟು ದಪ್ಪ ಇದ್ದರೆ ಇನ್ನೊಂದು ಕಟ್ ಹಾಕಿ ಸರಿ ಮಾಡಬಹುದು. ಸಣ್ಣ ಆದರೆ ಕತೆ ಮುಗಿಯಿತು. ನಮ್ಮದು ಜಾಬ್‌ವರ್ಕ್. ಮೆಟೀರಿಯಲ್ ಗಿರಾಕಿಯದ್ದು, ಕೂಲಿ ಮಾತ್ರ ನಮ್ಮದು. ಹಾಳಾದರೆ ಕೂಲಿ ಹೋಗುವುದಲ್ಲದೆ ಮೆಟೀರಿಯಲ್ ಬೆಲೆಗೆ ಡೆಬಿಟ್ ನೋಟ್ ಬರುತ್ತದೆ. ಬಂತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅದೇ ದಿನ ಸಂಜೆ ನಮ್ಮ ಹಳೇ ಕ್ಲಾಸ್‌ಮೇಟುಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದಿದ್ದರು: 'ನಮ್ಮ ಹುಡುಗರಿಗೆ ಕೆಲಸ ಇಲ್ಲ, ಸಣ್ಣ ಕೈಗಾರಿಕೆಯವರಿಗೆ ಕಲಿಸುವ ಮನಸ್ಸಿಲ್ಲ, ಎಲ್ಲರಿಗೂ ರೆಡಿಮೇಡ್ ಬೇಕು.' ಮೈಯೆಲ್ಲಾ ಉರಿಯಿತು. ಉತ್ತರ ಟೈಪ್ ಮಾಡಿದೆ, ಅಳಿಸಿದೆ. ಅವರು ಹೇಳಿದ್ದು ಅರ್ಧ ನಿಜ. ಉಳಿದರ್ಧ ಇಲ್ಲಿ ಬರೆಯುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ನಾನು ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯಲ್ಲಿ ಒಂದು ಸಣ್ಣ ಮಷೀನ್ ಶಾಪ್ ಇಟ್ಟುಕೊಂಡಿದ್ದೇನೆ. ಎರಡು ಸಿಎನ್‌ಸಿ, ಮೂರು ಹಳೇ ಲೇತು (ಕಬ್ಬಿಣ ತಿರುಗಿಸಿ ಕಡೆಯುವ ಮಷೀನು), ಒಂದು ಡ್ರಿಲ್ಲಿಂಗ್, ಹನ್ನೆರಡು ಜನ. ಈ ಕಡೆ ಬಂದವರಿಗೆ ಗೊತ್ತು, ಸುತ್ತ ಫೌಂಡ್ರಿಗಳು. ಅವರು ಎರಕ ಹೊಯ್ಯುತ್ತಾರೆ, ನಮ್ಮಂಥವರು ಕೊರೆದು ತಿರುಗಿಸಿ ಅಳತೆಗೆ ತರುತ್ತೇವೆ. ಇಲ್ಲೇ ಯಾಕೆ ಇಷ್ಟು ಶೆಡ್ಡುಗಳು ಹುಟ್ಟಿಕೊಂಡವು ಅಂತ ಕೇಳಿದರೆ ಜನ ಜಾಗ, ಕರೆಂಟು, ಹೈವೇ ಅಂತಾರೆ. ನನಗನ್ನಿಸುವ ಕಾರಣ ಬೇರೆ. ಪಕ್ಕದಲ್ಲಿ ಭದ್ರಾವತಿ ಇತ್ತು.

1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, ಆಮೇಲೆ ಪೇಪರ್ ಮಿಲ್ಲು. ಈ ಎರಡೂ ಸೇರಿ ಈ ಸೀಮೆಗೆ ಮಾಡಿದ ಉಪಕಾರ ಬರೀ ಸಂಬಳದ ಲೆಕ್ಕದಲ್ಲಿ ಸಿಗುವುದಿಲ್ಲ. ವರ್ಷ ವರ್ಷ ಅಪ್ರೆಂಟಿಸ್ ಹುಡುಗರನ್ನು ತೆಗೆದುಕೊಂಡು ಟರ್ನರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಮಾಡಿ ಬಿಟ್ಟವು. ಎಲ್ಲರಿಗೂ ಅಲ್ಲೇ ಕೆಲಸ ಸಿಗಲಿಲ್ಲ. ಸಿಗದವರು ಶಿವಮೊಗ್ಗ, ಹರಿಹರ, ದಾವಣಗೆರೆ, ಪೀಣ್ಯ ಅಂತ ಹರಡಿಕೊಂಡರು. ಬೆಂಗಳೂರಿನಲ್ಲಿ ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್ ಮಾಡಿದ್ದೂ ಇದನ್ನೇ. ಪೀಣ್ಯದ ಎಷ್ಟೋ ಹಳೇ ಶೆಡ್ಡುಗಳ ಮಾಲೀಕರನ್ನು ಕೇಳಿ ನೋಡಿ, 'ನಾನು ಎಚ್‌ಎಂಟಿ ಟ್ರೈನಿಂಗ್' ಅಂತ ಎದೆ ಉಬ್ಬಿಸಿ ಹೇಳುತ್ತಾರೆ. ಅಂದರೆ ಸಣ್ಣ ಕೈಗಾರಿಕೆಯವರು ಬೇರೆಯವರ ದುಡ್ಡಿನಲ್ಲಿ ಕಲಿತ ಕೈಗಳನ್ನು ಪುಕ್ಕಟೆ ಪಡೆದು ಬೆಳೆದವರು. ನಾನೂ ಅದೇ ಋಣದವನು.

ನನಗೆ ಕಲಿಸಿದ್ದು ಭದ್ರಾವತಿಯಿಂದ ರಿಟೈರ್ ಆಗಿ ಬಂದ ಒಬ್ಬ ಟರ್ನರ್. 1996ರಲ್ಲಿ ಐಟಿಐ ಮುಗಿಸಿ ಅವರು ಕೆಲಸ ಮಾಡುತ್ತಿದ್ದ ಶೆಡ್ಡಿಗೆ ಸೇರಿದೆ. ಸರ್ಟಿಫಿಕೇಟ್ ತೋರಿಸಿದೆ. ನೋಡಲೇ ಇಲ್ಲ. ಒಂದು ಕಬ್ಬಿಣದ ತುಂಡು, ಒಂದು ಅರ ಕೊಟ್ಟು, 'ಇದನ್ನ ಚೌಕ ಮಾಡಿ ಕೊಡು' ಅಂದರು. ಬೆಳಗ್ಗೆಯಿಂದ ಉಜ್ಜಿದೆ. ಮಧ್ಯಾಹ್ನ ಮೂಲೆ ನೇರ ಇದೆಯಾ ಅಂತ ನೋಡುವ ಟ್ರೈಸ್ಕ್ವೇರ್ ಇಟ್ಟು ಕಿಟಕಿ ಕಡೆ ಹಿಡಿದು ತೋರಿಸಿದರು. ಸಂದಿಯಲ್ಲಿ ಬೆಳಕು ಕಂಡಿತು. 'ಬೆಳಕು ಕಾಣ್ತಾ? ಹೋಗು.' ಮಾರನೇ ದಿನವೂ ಬೆಳಕು ಕಂಡಿತು. ಒಂದು ವಾರ ಅಂಗೈಯಲ್ಲಿ ಬೊಬ್ಬೆ. ಎಂಟನೇ ದಿನ ಒಂದು ಮೂಲೆಯಲ್ಲಿ ಬೆಳಕು ಬರಲಿಲ್ಲ. ಆ ದಿನ ಅವರೇ ಚಹಾ ಕೊಡಿಸಿದರು, ಜೊತೆಗೆ ಇನ್ನೊಂದು ತುಂಡು ಕೊಟ್ಟರು.

ಲೇತ್ ಮುಟ್ಟಲು ಬಿಟ್ಟಿದ್ದು ಎರಡು ತಿಂಗಳ ಮೇಲೆ. ಆ ಎರಡು ತಿಂಗಳು ನನ್ನಿಂದ ಮಾಲೀಕರಿಗೆ ಒಂದು ರೂಪಾಯಿ ಲಾಭ ಇರಲಿಲ್ಲ. ಕಲಿಸುವ ಮೇಸ್ತ್ರಿಯ ಸಮಯವೂ ಹೋಯಿತು. ಲೇತ್ ಮುಟ್ಟಿದ ಮೇಲೆ ನಾನು ಹಾಳು ಮಾಡಿದ್ದು ಹನ್ನೊಂದಕ್ಕಿಂತ ಜಾಸ್ತಿ. ಹಾಗಾಗಿ ಶುಕ್ರವಾರ ಹುಡುಗನಿಗೆ ಬೈಯಲು ಬಾಯಿ ಬರಲಿಲ್ಲ. ಅಲ್ಲ, ಸ್ವಲ್ಪ ಬೈದೆ. ಸುಳ್ಳು ಯಾಕೆ ಹೇಳಲಿ.

ಕೆಲಸದ ಜಾಗದಲ್ಲಿ ಕಲಿಯುವುದು ಅಂದರೆ ಇಷ್ಟೇ. ಹಾಳು ಮಾಡುವುದಕ್ಕೆ ಅವಕಾಶ ಸಿಗುವುದು, ಹಾಳಾದದ್ದಕ್ಕೆ ಯಾರೋ ದುಡ್ಡು ಕೊಡುವುದು. ತಗಾದೆ ಇರುವುದು ಈ ಎರಡನೆಯದರಲ್ಲಿ.

ಈಗ ಭದ್ರಾವತಿಯಲ್ಲಿ ಪೇಪರ್ ಮಿಲ್ಲಿನ ಚಕ್ರ ನಿಂತು ಹತ್ತು ವರ್ಷದ ಹತ್ತಿರ ಆಯಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಹೇಳಿದರು, ಜನ ಬೀದಿಗೆ ಬಂದರು. ಅದರ ರಾಜಕೀಯ ಬೇಡ. ನನ್ನ ಪ್ರಶ್ನೆ ಸಣ್ಣದು. ಆ ಕಾರ್ಖಾನೆಗಳು ಮಾಡುತ್ತಿದ್ದ ಕಲಿಸುವ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ?

ಕಾನೂನು ಇಲ್ಲ ಅಂತಲ್ಲ. ಅಪ್ರೆಂಟಿಸ್ ಕಾಯ್ದೆ 1961ರದ್ದು. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸ್ ಇಟ್ಟುಕೊಳ್ಳಲೇಬೇಕು. ನನ್ನಂಥ ನಾಲ್ಕರಿಂದ 29 ಜನದ ಶೆಡ್ಡಿಗೆ ಬೇಕಾದರೆ ಇಟ್ಟುಕೋ, ಬೇಡವಾದರೆ ಬಿಡು. 2016ರಲ್ಲಿ ಕೇಂದ್ರದವರು ಇದಕ್ಕೊಂದು ಉತ್ತೇಜನ ಯೋಜನೆ ತಂದರು. ಅಪ್ರೆಂಟಿಸ್ ಹುಡುಗನಿಗೆ ತಿಂಗಳಿಗೆ ಕೊಡುವ ಸ್ಟೈಪೆಂಡಿನ ಕಾಲು ಭಾಗ, ಹೆಚ್ಚೆಂದರೆ ತಿಂಗಳಿಗೆ 1,500 ರೂಪಾಯಿ ಸರ್ಕಾರ ಕೊಡುತ್ತದೆ. ಮೊದಲು ನಾವು ಕೊಟ್ಟು ಆಮೇಲೆ ವಾಪಸ್ ಪಡೆಯಬೇಕಿತ್ತು. 2023ರಿಂದ ನೇರ ಹುಡುಗನ ಖಾತೆಗೆ ಹೋಗುತ್ತದೆ. ಅದು ಒಳ್ಳೆಯದಾಯಿತು, ನಮಗೆ ಓಡಾಟ ತಪ್ಪಿತು.

ಆದರೆ 1,500 ಅಂದರೆ ದಿನಕ್ಕೆ ಐವತ್ತು ರೂಪಾಯಿ. ಹುಡುಗ ಒಂದು ಕಾರ್ಬೈಡ್ ಇನ್ಸರ್ಟ್ (ಕಬ್ಬಿಣ ಕತ್ತರಿಸುವ ಮೊನೆ) ಮುರಿದರೆ ಮುನ್ನೂರು ಹೋಯಿತು, ಅಂದರೆ ಆರು ದಿನದ ಸರ್ಕಾರಿ ಸಹಾಯ. ಮೊದಲ ತಿಂಗಳಲ್ಲಿ ಅವರು ಮುರಿಯುವುದು ಒಂದಲ್ಲ.

ಹುಡುಗನ ಕಡೆಯಿಂದ ನೋಡಿದರೂ ಲೆಕ್ಕ ಕೂಡುವುದಿಲ್ಲ. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ 5,000ದಿಂದ 9,000. ಐಟಿಐ ಮುಗಿಸಿದವನಿಗೆ 7,000. ಇದನ್ನು 36 ಶೇಕಡಾ ಏರಿಸಿ 6,800ರಿಂದ 12,300 ಮಾಡಿ ಅಂತ 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಹೊಳೆಹೊನ್ನೂರು ಕಡೆಯಿಂದ ಎರಡು ಬಸ್ ಬದಲಿಸಿ ಬರುವ ಹುಡುಗ ಏಳು ಸಾವಿರದಲ್ಲಿ ಬಸ್ಸಿಗೆ, ಮಧ್ಯಾಹ್ನದ ಊಟಕ್ಕೆ ಕೊಟ್ಟು ಮನೆಗೆ ಏನು ತಗೊಂಡು ಹೋಗಬೇಕು? ಡೆಲಿವರಿ ಗಾಡಿ ಓಡಿಸಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ. ನಾನು ಮೇಲೆ ಮೂರು ಸಾವಿರ ಸೇರಿಸಿ ಹತ್ತು ಕೊಡುತ್ತೇನೆ, ಊಟ ನಮ್ಮದೇ. ಆದರೂ ಮೂರನೇ ವಾರ ಒಬ್ಬ ನಾಪತ್ತೆಯಾಗುತ್ತಾನೆ.

ಇಲ್ಲಿ ಒಂದು ತಮಾಷೆ ಹೇಳಬೇಕು. ನಮ್ಮಲ್ಲಿ ಒಬ್ಬ ಹುಡುಗಿ ಇದ್ದಾಳೆ, ಡಿಪ್ಲೊಮಾ. ಅವಳು ಸೇರುವಾಗ ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ, 'ಸಾರ್, ಇಲ್ಲಿ ಗೌರ್ಮೆಂಟ್ ಬಸ್ ನಿಲ್ಲುತ್ತಾ?' ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ ಖರ್ಚು ಸೊನ್ನೆ. ನಮ್ಮ ಕಡೆ ಪ್ರೈವೇಟ್ ಬಸ್ಸೇ ಜಾಸ್ತಿ, ಹಾಗಾಗಿ ಸರ್ಕಾರಿ ಬಸ್ಸಿಗೆ ಕಾದು ಹತ್ತು ನಿಮಿಷ ತಡವಾಗಿ ಬರುತ್ತಾಳೆ, ಹತ್ತು ನಿಮಿಷ ತಡವಾಗಿ ಹೋಗುತ್ತಾಳೆ. ತರಬೇತಿಗೆ ಅಂತ ಮಾಡದ ಯೋಜನೆಯೊಂದು ತರಬೇತಿ ಯೋಜನೆಗಿಂತ ಚೆನ್ನಾಗಿ ಕೆಲಸ ಮಾಡಿತು. ಇವತ್ತು ನಮ್ಮ ಶೆಡ್ಡಿನಲ್ಲಿ ಡ್ರಾಯಿಂಗ್ ಓದುವುದರಲ್ಲಿ ಅವಳೇ ಮುಂದು. ಆಫ್‌ಸೆಟ್ ಕೊಟ್ಟು ಅಳೆಯದೆ ಮುಂದಿನ ಪೀಸು ಹಾಕುವುದಿಲ್ಲ.

ಇನ್ನು ಯುವನಿಧಿ. ನಮ್ಮ ಶಿವಮೊಗ್ಗದಲ್ಲೇ, ಫ್ರೀಡಂ ಪಾರ್ಕಿನಲ್ಲಿ, 2024ರ ಜನವರಿ 12ರಂದು ಚಾಲನೆ ಕೊಟ್ಟರು. ಡಿಗ್ರಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಕೆಲಸ ಸಿಗುವವರೆಗೆ ಅಥವಾ ಎರಡು ವರ್ಷ. ನಾನು ಅದನ್ನು ಆಡಿಕೊಳ್ಳುವವನಲ್ಲ. ಕೆಲಸ ಹುಡುಕುವವನ ಜೇಬಿನಲ್ಲಿ ಬಸ್ ಚಾರ್ಜ್ ಇರಬೇಕು. ಆದರೆ ಐಟಿಐ ಓದಿದವನಿಗೆ ಅದರಲ್ಲಿ ಜಾಗ ಇಲ್ಲ. ಜೊತೆಗೆ, ಅಪ್ರೆಂಟಿಸ್ ಸ್ಟೈಪೆಂಡ್ ತೆಗೆದುಕೊಳ್ಳುವವರಿಗೆ ಯುವನಿಧಿ ಇಲ್ಲ. ಅಂದರೆ ಡಿಪ್ಲೊಮಾ ಹುಡುಗ ಮನೆಯಲ್ಲಿ ಕೂತರೆ 1,500, ಕಲಿಯಲು ಬಂದರೆ ಅದು ಕಟ್. ಉಲ್ಟಾ ಆಗಬೇಕಿತ್ತಲ್ವಾ? ಕಲಿಯಲು ಹೋದವನಿಗೆ ಆರು ತಿಂಗಳು ಅದನ್ನು ಮುಂದುವರಿಸಿದ್ದರೆ ನಮ್ಮಂಥ ಶೆಡ್ಡುಗಳ ಬಾಗಿಲಿಗೆ ಹುಡುಗರು ತಾವಾಗಿಯೇ ಬರುತ್ತಿದ್ದರು.

ಅಂದಹಾಗೆ ಸರ್ಕಾರಿ ಕನ್ನಡದಲ್ಲಿ ಅಪ್ರೆಂಟಿಸ್‌ಗೆ 'ಶಿಶಿಕ್ಷು' ಅಂತಾರೆ. ಮೊದಲ ಸಲ ಓದಿದಾಗ ಶಿಶುವೂ ಭಿಕ್ಷುವೂ ಸೇರಿಕೊಂಡ ಹಾಗೆ ಕೇಳಿಸಿತು. ಸ್ಟೈಪೆಂಡ್ ನೋಡಿದ ಮೇಲೆ ಪದ ಸರಿಯಾಗಿಯೇ ಇದೆ ಅನ್ನಿಸಿತು.

ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು, ತಿಂಗಳಿಗೆ 5,000, ಒಂದು ವರ್ಷ. ಕಂಪನಿಗಳ ಪಟ್ಟಿ ಮಾಡಿದ್ದು ದೇಶದ ಟಾಪ್ 500 ಅಂತ. ಮಾಚೇನಹಳ್ಳಿಯ ಶೆಡ್ಡು ಟಾಪ್ 500ರಲ್ಲಿ ಬರಬೇಕಾದರೆ ನನ್ನ ಮೊಮ್ಮಕ್ಕಳ ಕಾಲಕ್ಕೆ ನೋಡೋಣ.

ಸರ್ಕಾರದ ಕಡೆ ಎಲ್ಲವೂ ಹಾಳು ಅಂತ ಬರೆದರೆ ಅನ್ಯಾಯ ಆಗುತ್ತದೆ. ಜಿಟಿಟಿಸಿ ಇದೆ, ಸರ್ಕಾರದ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಶುರುವಾದದ್ದು, ಶಿವಮೊಗ್ಗದಲ್ಲೂ ಇದೆ. ಮೂರು ವರ್ಷ ಅಲ್ಲಿ ಮಷೀನಿನ ಮೇಲೆ ಕಲಿತು ಆಮೇಲೆ ಒಂದು ವರ್ಷ ಕಂಪನಿಯಲ್ಲಿ ಕೆಲಸ. ಅಲ್ಲಿಂದ ಬಂದವನಿಗೆ ಮೈಕ್ರಾನ್ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಬೇಜಾರು ಇಷ್ಟೇ, ಅವರು ದೊಡ್ಡ ಕಂಪನಿಗಳಿಗೆ ಹೋಗುತ್ತಾರೆ, ನನ್ನ ಶೆಡ್ಡಿನ ಗೇಟು ಅವರಿಗೆ ಕಾಣಿಸುವುದಿಲ್ಲ. ಉಜಿರೆಯ ರುಡ್‌ಸೆಟಿಯನ್ನೂ ನೆನೆಯಬೇಕು. 1982ರಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆ ಸೇರಿ ಮಾಡಿದ್ದು, ಆಮೇಲೆ ದೇಶವೇ ಆ ಮಾದರಿ ತೆಗೆದುಕೊಂಡಿತು. ಅವರದ್ದು ಸ್ವಂತ ಉದ್ಯೋಗದ ತರಬೇತಿ, ದಾರಿ ಬೇರೆ. ಆದರೆ ಒಂದು ವಿಷಯ ನನಗೆ ಬಹಳ ಇಷ್ಟ. ತರಬೇತಿ ಮುಗಿದ ಮೇಲೆ ಎರಡು ವರ್ಷ ಹಿಂದೆ ಬೀಳುತ್ತಾರೆ. ಏನು ಮಾಡ್ತಾ ಇದೀಯ, ಸಾಲ ಸಿಕ್ತಾ, ಅಂಗಡಿ ನಡೀತಾ ಇದೆಯಾ ಅಂತ ಕೇಳುತ್ತಾರೆ. ನಮ್ಮ ಬಹುಪಾಲು ಕೌಶಲ್ಯ ಯೋಜನೆಗಳಲ್ಲಿ ಸರ್ಟಿಫಿಕೇಟ್ ಹಿಡಿದು ಫೋಟೋ ತೆಗೆಸಿಕೊಂಡ ದಿನವೇ ಹುಡುಗ ಲೆಕ್ಕದಿಂದ ಹೊರಗೆ.

ಆ ಥರದ ಒಂದು ಸರ್ಟಿಫಿಕೇಟ್ ಹಿಡಿದು ಮೂರು ವರ್ಷದ ಹಿಂದೆ ಒಬ್ಬ ಬಂದಿದ್ದ. ಮೂರು ತಿಂಗಳ ಸಿಎನ್‌ಸಿ ಕೋರ್ಸ್. ಅಳೆಯಲು ವರ್ನಿಯರ್ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, 'ಡಿಜಿಟಲ್ ಇಲ್ವಾ ಸಾರ್?' ಅಂದ. ಅಲ್ಲಿ ಎಷ್ಟು ಮಷೀನ್ ಇದ್ದವು ಅಂತ ಕೇಳಿದೆ. ಒಂದು. ಎಷ್ಟು ಜನ ಕಲಿಯುತ್ತಿದ್ದಿರಿ? ಮೂವತ್ತು. ನೀನು ಎಷ್ಟು ಪೀಸ್ ಮಾಡಿದೆ? ಸುಮ್ಮನಾದ. ಆಮೇಲೆ ಮೆಲ್ಲಗೆ, 'ನೋಡಿದೀನಿ ಸಾರ್' ಅಂದ. ಪಾಪ, ಅವನದ್ದೇನು ತಪ್ಪು. ಹಾಳು ಮಾಡಲು ಅವನಿಗೆ ಯಾರೂ ಒಂದು ತುಂಡು ಕಬ್ಬಿಣ ಕೊಟ್ಟಿರಲಿಲ್ಲ.

ಅವನನ್ನು ಇಟ್ಟುಕೊಂಡೆ. ಹದಿನಾಲ್ಕು ತಿಂಗಳು ಕಲಿಸಿದೆವು. ಒಳ್ಳೇ ಕೈ. ಟೂಲ್ ಸೆಟ್ಟಿಂಗ್ ಕಲಿತ, ಪ್ರೋಗ್ರಾಮ್ ತಿದ್ದುವುದು ಕಲಿತ. ಆಮೇಲೆ ಒಂದು ಸೋಮವಾರ ಬರಲಿಲ್ಲ. ಎರಡು ಶೆಡ್ಡು ಆಚೆ ಸೇರಿದ್ದ. ಮೂರು ಸಾವಿರ ಜಾಸ್ತಿ. ಆ ಶೆಡ್ಡಿನ ಮಾಲೀಕ ನನ್ನ ಗೆಳೆಯನೇ, ದಿನಾ ಒಂದೇ ಗೂಡಂಗಡಿಯಲ್ಲಿ ಚಹಾ ಕುಡಿಯುತ್ತೇವೆ. ಕೇಳಿದರೆ ನಕ್ಕ. 'ನಾನು ಕಲಿಸೋಕೆ ಖರ್ಚು ಮಾಡಿಲ್ಲ, ಅದಕ್ಕೇ ಮೂರು ಸಾವಿರ ಜಾಸ್ತಿ ಕೊಡೋಕೆ ಆಗುತ್ತೆ' ಅಂದ. ಕೋಪ ಬಂತು. ಆದರೆ ಲೆಕ್ಕ ಸರಿಯಾಗಿಯೇ ಇದೆ. ಒಪ್ಪಿಕೊಳ್ಳುತ್ತೇನೆ, 2014ರಲ್ಲಿ ನಾನೂ ಇನ್ನೊಬ್ಬರ ಶೆಡ್ಡಿನಿಂದ ಒಬ್ಬ ಆಪರೇಟರನ್ನು ಹೀಗೇ ಎಳೆದುಕೊಂಡಿದ್ದೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ತಂಗಿ ಮದುವೆ ಇತ್ತು. ಮೂರು ಸಾವಿರ ಅವನಿಗೆ ದೊಡ್ಡದು. ಕಾಯ್ದೆಯಲ್ಲೂ ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಮಾಲೀಕನಿಗೆ ಕಟ್ಟುಪಾಡಿಲ್ಲ. ಹಾಗಿದ್ದ ಮೇಲೆ ಹುಡುಗ ಇರಲೇಬೇಕು ಅಂತ ನಾನು ಯಾವ ಬಾಯಲ್ಲಿ ಕೇಳಲಿ? ಕೆಲವರು ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕಿತ್ತು ಬೀರುವಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದು ಒಡವೆ ಗಿರವಿ ಇಟ್ಟುಕೊಂಡ ಹಾಗೆ. ನಾನು ಮಾಡಿಲ್ಲ, ಮಾಡುವುದಿಲ್ಲ.

ಆದರೆ ಇದರ ಫಲ ಏನಾಯಿತು ಅಂದರೆ, ಅವನು ಹೋದ ಮೇಲೆ ಒಂದು ವರ್ಷ ನಾನು ಹೊಸಬರನ್ನು ತೆಗೆದುಕೊಳ್ಳಲೇ ಇಲ್ಲ. ಗೇಟಿಗೆ ಬೋರ್ಡ್ ಹಾಕಿದೆ: 'ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ, 2 ವರ್ಷ ಅನುಭವ.' ಸುತ್ತ ಎಲ್ಲಾ ಗೇಟಿನಲ್ಲೂ ಅದೇ ಬೋರ್ಡ್. ಹೊಸ ಹುಡುಗರು ಬೋರ್ಡ್ ಓದಿ ಮುಂದಿನ ಗೇಟಿಗೆ ಹೋಗುತ್ತಾರೆ, ಅಲ್ಲೂ ಅದನ್ನೇ ಓದುತ್ತಾರೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ವಾಟ್ಸಾಪ್‌ನಲ್ಲಿ ಬರೆದವರು ಹೇಳಿದ ಅರ್ಧ ನಿಜ ಇದೇ.

ದೊಡ್ಡವರದ್ದು ಬೇರೆ ಆಟ. ನನ್ನ ಅಕ್ಕನ ಮಗ ಬೆಂಗಳೂರು ಕಡೆ ಒಂದು ದೊಡ್ಡ ಕಾರ್ಖಾನೆಯಲ್ಲಿ 'ಟ್ರೈನಿ' ಆಗಿದ್ದ. ಎರಡು ವರ್ಷ ಮಾಡಿದ್ದು ಒಂದೇ ಕೆಲಸ, ಲೈನಿನಲ್ಲಿ ನಾಲ್ಕು ಬೋಲ್ಟ್ ಬಿಗಿ ಮಾಡುವುದು. ಎರಡು ವರ್ಷ ಮುಗಿಯಿತು, ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಮಾರನೇ ದಿನ ಅದೇ ಜಾಗಕ್ಕೆ ಹೊಸ ಟ್ರೈನಿ. ಕಾಯ್ದೆಯಲ್ಲಿ ಅಪ್ರೆಂಟಿಸ್ ಕಾರ್ಮಿಕ ಅಲ್ಲ, ಕಲಿಯುವವನು. ಬೇರೆ ಕಾರ್ಮಿಕ ಕಾನೂನುಗಳ ಬಹುಪಾಲು ಅವನಿಗೆ ಅನ್ವಯಿಸುವುದಿಲ್ಲ. ಕಲಿಸುವವರಿಗೆ ಅದು ಅನುಕೂಲ. ಕಲಿಸದೆ ದುಡಿಸಿಕೊಳ್ಳುವವರಿಗೆ ಇನ್ನೂ ಅನುಕೂಲ. ಸರ್ಕಾರದ 1,500 ಇಬ್ಬರಿಗೂ ಒಂದೇ. ಹುಡುಗ ಏನು ಕಲಿತ ಅಂತ ಮಷೀನಿನ ಮುಂದೆ ನಿಲ್ಲಿಸಿ ಕೇಳುವವರು ಬೇಕು.

ಹಾಗಾದರೆ ಏನು ಮಾಡಬೇಕು? ನಾನು ಪಂಡಿತ ಅಲ್ಲ, ನನ್ನ ಶೆಡ್ಡಿನ ಲೆಕ್ಕದಿಂದ ಹೇಳುತ್ತೇನೆ. ಕಲಿಸಿದವನಿಗೆ ದುಡ್ಡು ಸಿಗಬೇಕು, ಕಲಿತವನನ್ನು ಎಳೆದುಕೊಂಡವನಿಂದ ಸಿಗಬೇಕು. ಬ್ರಿಟನ್‌ನಲ್ಲಿ 1964ರಲ್ಲೇ ಇಂಥ ಕಾನೂನು ಮಾಡಿದ್ದರು. ಒಂದು ಕಸುಬಿನ ಕಂಪನಿಗಳಿಂದ ವಂತಿಗೆ ಎತ್ತುವುದು, ಕಲಿಸುವವರಿಗೆ ಅದರಿಂದ ಕೊಡುವುದು. ಕಲಿಸದವನು ಕೊಟ್ಟಿದ್ದು ಹೋಯಿತು, ಕಲಿಸಿದವನಿಗೆ ವಾಪಸ್ ಬಂತು. ದೇಶಕ್ಕೆಲ್ಲ ಬೇಡ, ಒಂದು ಕೈಗಾರಿಕಾ ಪ್ರದೇಶದಲ್ಲಿ ಮಾಡಿ ನೋಡಬಹುದು. ಬೇಸಿಕ್ ತರಬೇತಿಯನ್ನು ಬೇರೆ ಕಡೆ ಕೊಡಿಸಲು ನಮ್ಮ ಕಾಯ್ದೆಯಲ್ಲೇ ಅವಕಾಶ ಇದೆ. ಇಲ್ಲಿನ ಇಪ್ಪತ್ತು ಶೆಡ್ಡಿನವರು ಸೇರಿ ನಾಲ್ಕು ಹಳೇ ಲೇತು, ಎರಡು ಟನ್ ಸ್ಕ್ರಾಪ್, ಒಬ್ಬ ರಿಟೈರ್ಡ್ ಮೇಸ್ತ್ರಿ ಇಟ್ಟರೆ ಸಾಕು. ಮೂರು ತಿಂಗಳು ಅಲ್ಲೇ ಹಾಳು ಮಾಡಲಿ. ಭದ್ರಾವತಿಯಲ್ಲಿ ಅಂಥ ಮೇಸ್ತ್ರಿಗಳು ಇನ್ನೂ ಇದ್ದಾರೆ, ಸಂಜೆ ಪಾರ್ಕಿನಲ್ಲಿ ಕೂತಿರುತ್ತಾರೆ. ಇನ್ನು ಹತ್ತು ವರ್ಷ ಬಿಟ್ಟರೆ ಇರುವುದಿಲ್ಲ.

ಇತ್ತೀಚಿನ ಯೋಜನೆಗಳಲ್ಲಿ ನನಗೆ ಸ್ವಲ್ಪ ಸರಿ ಅನ್ನಿಸಿದ್ದು ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 2025ರ ಆಗಸ್ಟ್ 1ರಿಂದ. 50ಕ್ಕಿಂತ ಕಡಿಮೆ ಜನ ಇರುವ ಕಡೆ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಿ ಆರು ತಿಂಗಳು ಉಳಿಸಿಕೊಂಡರೆ ಸಂಬಳದ ಮೇಲೆ ತಲೆಗೆ ತಿಂಗಳಿಗೆ 3,000ದವರೆಗೆ ಮಾಲೀಕನಿಗೆ, ಮೊದಲ ಸಲ ಪಿಎಫ್‌ಗೆ ಸೇರಿದ ಹುಡುಗನಿಗೆ ಎರಡು ಕಂತಿನಲ್ಲಿ 15,000ದವರೆಗೆ. ಎರಡನೇ ಕಂತು ಒಂದು ವರ್ಷ ಆದ ಮೇಲೆ. ಉಳಿದವನಿಗೆ ದುಡ್ಡು, ಉಳಿಸಿಕೊಂಡವನಿಗೂ ದುಡ್ಡು. ಹಾಳಾದ ಹನ್ನೊಂದು ಶಾಫ್ಟಿಗೆ ಅದರಲ್ಲೂ ಕಾಲಂ ಇಲ್ಲ, ಬಿಡಿ. ಆದರೂ ಇದನ್ನು ನಂಬಿ ಬೋರ್ಡಿನಿಂದ '2 ವರ್ಷ ಅನುಭವ' ಅಳಿಸಿದ್ದೇನೆ. ಶುಕ್ರವಾರದ ಹುಡುಗ ಹಾಗೆ ಬಂದವನೇ.

ಅವನು ಶನಿವಾರ ಬರುವುದಿಲ್ಲ ಅಂದುಕೊಂಡಿದ್ದೆ. ಬಂದ, ಅರ್ಧ ಗಂಟೆ ಮುಂಚೆಯೇ. ಹಾಳಾದ ಒಂದು ಶಾಫ್ಟನ್ನು ಕೇಳಿ ತೆಗೆದುಕೊಂಡು ತನ್ನ ಮಷೀನಿನ ಮೇಲೆ ಇಟ್ಟುಕೊಂಡಿದ್ದಾನೆ. ಅದರ ಮೇಲೆ ಮಾರ್ಕರಿನಲ್ಲಿ 0.05 ಅಂತ ಬರೆದಿದ್ದಾನೆ. ಉಳಿದ ಹತ್ತು ಶಾಫ್ಟನ್ನು ಹೊಸಬರಿಗೆ ಉಜ್ಜಲು ಇಟ್ಟಿದ್ದೇನೆ.

ಹೊಸಬರು ಅಂದೆನಲ್ಲ, ಇನ್ನೂ ಒಬ್ಬರು ಬೇಕು. ಹುಡುಗ ಹುಡುಗಿ ಯಾರಾದರೂ ಸರಿ. ಎಸ್‌ಎಸ್‌ಎಲ್‌ಸಿ ಸಾಕು, ಐಟಿಐ ಇದ್ದರೆ ಒಳ್ಳೆಯದು. ಮೊದಲ ಎರಡು ತಿಂಗಳು ಸಿಎನ್‌ಸಿ ಮುಟ್ಟಿಸುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ. ಊಟ ಇದೆ. ಗೌರ್ಮೆಂಟ್ ಬಸ್ ನಿಲ್ಲುತ್ತದೆ. ಗೊತ್ತಿದ್ದವರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಮತ್ತೆ, ಎರಡು ಶೆಡ್ಡು ಆಚೆಯ ಗೆಳೆಯ ಇದನ್ನು ಓದುತ್ತಾನೆ ಅಂತ ಗೊತ್ತು. ನಾಳೆಯ ಚಹಾ ನಿನ್ನದೇ ಕಣಯ್ಯಾ.